ಬಗ್ಗದ ಕತ್ತು

“ನೆಲ ನೋಡ್ಕೊಂಡು ಮಾತಾಡೆ ಮುಂಡೆ. ಎದುರಿಗೆ ಯಾರು ಕೂತಿದಾರೆ ಅಂತ ಕಾಣಲ್ವಾ? ಮೂಗು ಮೇಲೆ ಮಾಡ್ಕೊಂಡು ನಿಂತಿದಾಳೆ, ಮಹಾರಾಣಿ.”

ಹಾಗೆ ಅಂದವನು ಮೇಸ್ತ್ರಿ. ಎದುರಿಗೆ ಕೂತಿದ್ದವರು ಗೋದಾಮಿನ ಯಜಮಾನರು. ಮಹಾರಾಣಿ ಎಂದರೆ ನಾನು. ತಲೆಗೂದಲ ತುಂಬ ನೂಲಿನ ಎಳೆ, ಉಗುರಿನ ಸಂದಿಯಲ್ಲಿ ಯಾರ್‍ಯಾರದೋ ಮೈಯ ಕೊಳೆ.

ನೆಲ ನೋಡಬೇಕೆಂದು ನಾನು ನಿಜವಾಗಿಯೂ ಪ್ರಯತ್ನಪಟ್ಟೆ. ಕತ್ತು ಬಗ್ಗಲಿಲ್ಲ. ಎರಡು ತಿಂಗಳಿಂದ ಬಗ್ಗುತ್ತಿರಲಿಲ್ಲ. ಕೆಳಗೆ ಬಿದ್ದದ್ದನ್ನು ಎತ್ತಿಕೊಳ್ಳಬೇಕಾದರೆ ಮಂಡಿಯೂರಿ ಕೂತು ಕೈಯಿಂದ ತಡಕಾಡುತ್ತಿದ್ದೆ. ಹಿಂದಿನಿಂದ ಯಾರಾದರೂ ಕರೆದರೆ ಬಾಗಿಲು ತಿರುಗಿದ ಹಾಗೆ ಇಡೀ ಮೈ ತಿರುಗಿಸುತ್ತಿದ್ದೆ. ಇದನ್ನು ಮೇಸ್ತ್ರಿಗೆ ನಾಲ್ಕು ಸಲ ಹೇಳಿದ್ದೆ. ಅವನ ಕಿವಿಗೆ ಯಜಮಾನರ ಕೆಮ್ಮು ಮಾತ್ರ ಕೇಳುತ್ತಿತ್ತು.

ನಮ್ಮದು ಹಳೆ ಬಟ್ಟೆಯ ಗೋದಾಮು. ಉಳ್ಳವರು ಉಟ್ಟು ಬಿಸಾಡಿದ್ದು ಕಬ್ಬಿಣದ ಪಟ್ಟಿ ಬಿಗಿದ ಮೂಟೆಗಳಲ್ಲಿ ಲಾರಿಯಿಂದ ಇಳಿಯುತ್ತದೆ. ಮೂಟೆಗಳನ್ನು ತಲೆಯ ಮೇಲೆ ಹೊತ್ತು ಒಳಗೆ ತಂದು ಒಡೆಯುವವರು ನಾವೇ. ಆಮೇಲೆ ಸಾಲಾಗಿ ಕೂತು ಬಿಡಿಸುತ್ತೇವೆ. ಉಣ್ಣೆ ಒಂದು ಗುಡ್ಡೆ, ಹತ್ತಿ ಒಂದು ಗುಡ್ಡೆ, ಗ್ಯಾರೇಜಿನವರಿಗೆ ಎಣ್ಣೆ ಒರೆಸುವ ಚಿಂದಿ ಒಂದು ಗುಡ್ಡೆ. ಮರದ ತುಂಡಿಗೆ ನೆಟ್ಟ ಬ್ಲೇಡಿನಲ್ಲಿ ನಾನು ಗುಂಡಿ ಕತ್ತರಿಸುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದವಳು ಜಿಪ್ಪು ಕೀಳುತ್ತಿದ್ದಳು. ಅವಳನ್ನು ಎಲ್ಲರೂ ಜಿಪ್ಪಕ್ಕ ಎನ್ನುತ್ತಿದ್ದೆವು. ಆರು ವರ್ಷ ನಾವಿಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತವರು. ಗೋದಾಮಿಗೆ ನಾಲ್ಕು ಕಿಟಕಿಗಳಿದ್ದವು. ಯಾರೋ ಒಬ್ಬಳು ಒಂದು ಸ್ವೆಟರನ್ನು ಆಚೆ ಎಸೆದಳೆಂದು ನಾಲ್ಕಕ್ಕೂ ಹಲಗೆ ಹೊಡೆಸಿದ್ದರು. ಧೂಳು ಒಳಗೇ ಸುತ್ತುತ್ತಿತ್ತು. ಎಲ್ಲರೂ ಕೆಮ್ಮುತ್ತಿದ್ದೆವು. ಕೆಮ್ಮದವಳು ಬಂದರೆ ಹೊಸಬಳು ಎಂದು ಗೊತ್ತಾಗುತ್ತಿತ್ತು.

ಆವತ್ತು ನಾನು ಕೇಳಲು ಹೋಗಿದ್ದದ್ದು ದೊಡ್ಡದೇನೂ ಅಲ್ಲ.

“ಮೂಟೆ ಹೊರೋಕಾಗ್ತಿಲ್ಲ ಸಾರ್. ಕತ್ತಿಂದ ಬೆರಳ ತನಕ ಜುಮ್ ಅನ್ನುತ್ತೆ. ಸ್ವಲ್ಪ ದಿನ ಕೂತು ಮಾಡೋ ಕೆಲಸ ಮಾತ್ರ ಕೊಡಿ.”

ಯಜಮಾನರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ಅವರ ಮೇಜಿಗೆ ಗಾಜು ಹಾಸಿತ್ತು. ಗಾಜಿನ ಮೇಲೆ ಒಂದು ಕೂದಲೆಳೆ ಬಿದ್ದರೂ ಮೇಸ್ತ್ರಿ ಓಡಿಬಂದು ಒರೆಸಬೇಕು.

“ಕೂತು ಮಾಡೋ ಕೆಲಸ ನಾನು ಮಾಡ್ತಿದೀನಲ್ಲಮ್ಮ,” ಎಂದರು. “ಈ ಕುರ್ಚಿ ಬಿಟ್ಕೊಡ್ಲಾ?”

ಮೇಸ್ತ್ರಿ ನಕ್ಕ. ನಗುವುದೂ ಅವನ ಕೆಲಸದಲ್ಲೇ ಸೇರಿತ್ತು.

“ಮೊದಲು ತಲೆ ಬಗ್ಗಿಸೋದು ಕಲಿಸಪ್ಪ ಇವಳಿಗೆ,” ಎಂದರು ಯಜಮಾನರು. ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಅವರ ಚಿಂತೆಯೆಲ್ಲ ಅದರ ಕಡೆಗೆ ಹೋಯಿತು.

ಮೇಸ್ತ್ರಿ ಹಿಂದಿನಿಂದ ಬಂದು ನನ್ನ ಕತ್ತಿನ ಮೇಲೆ ಅಂಗೈ ಇಟ್ಟ. ಮೂಟೆಯ ಬಾಯಿ ಒತ್ತುವ ಹಾಗೆ ಒತ್ತಿದ. ಒಳಗೆ ಒದ್ದೆ ಬಟ್ಟೆ ಹರಿದ ಸದ್ದು ನನಗೆ ಮಾತ್ರ ಕೇಳಿಸಿತು. ಬೆನ್ನಿನಗುಂಟ ಬೆಂಕಿ ಇಳಿದು ಕಾಲ ಬೆರಳಿಗೆ ಹೋಯಿತು. ನಾನು ನೆಲಕ್ಕೆ ಬಿದ್ದೆ. ಕೊನೆಗೂ ನೆಲ ಕಾಣಿಸಿತು.

“ಶುರುವಾಯ್ತು ನಾಟಕ,” ಎಂದರು ಯಜಮಾನರು, ಚಮಚದಲ್ಲಿ ಬಿಸ್ಕತ್ತು ಹುಡುಕುತ್ತ.

*

ಜಿಪ್ಪಕ್ಕ ನನ್ನನ್ನು ತಬ್ಬಿ ಹಿಡಿದು ಮನೆ ಸೇರಿಸಿದಳು. ಮನೆ ಎಂದರೆ ಒಂದು ಕೋಣೆ. ಅದರಲ್ಲಿ ನಾನು, ನನ್ನ ಅತ್ತೆ. ಕಾಲು ಜಾರಿ ಬಿದ್ದೆ ಎಂದಷ್ಟೇ ಅವಳಿಗೆ ಹೇಳಿದೆ. ಗಂಡ ಎನ್ನುವವನು ಏಳು ವರ್ಷದ ಹಿಂದೆ ಇನ್ನೊಬ್ಬಳ ಜೊತೆ ಹೋಗಿದ್ದ. ಹೋಗುವಾಗ ರೇಡಿಯೊ ಎತ್ತಿಕೊಂಡು ಹೋದ, ತಾಯಿಯನ್ನು ಬಿಟ್ಟು ಹೋದ. ರೇಡಿಯೊ ಹೋದದ್ದಕ್ಕೆ ನನಗೆ ಬೇಜಾರಿತ್ತು. ಅತ್ತೆ ಉಳಿದದ್ದಕ್ಕೂ ಕೆಲವು ದಿನ ಬೇಜಾರೇ ಇತ್ತು.

ಮೇಸ್ತ್ರಿ ಕತ್ತು ಒತ್ತುವುದಕ್ಕೂ ಮೊದಲೇ ಬೀದಿ ಕೊನೆಯ ಡಾಕ್ಟರ ಹತ್ತಿರ ಐದಾರು ಸಲ ಹೋಗಿದ್ದೆ. ಸಂಜೆಯಾದರೆ ಜ್ವರ, ಬೆಳಗ್ಗೆ ಎದ್ದರೆ ಹಾಸಿಗೆ ಒದ್ದೆ, ನುಂಗಿದರೆ ಗಂಟಲಲ್ಲಿ ಏನೋ ಅಡ್ಡ ಎಂದು ಹೇಳಿದ್ದೆ. ಆತ ಒಮ್ಮೆಯೂ ಕತ್ತು ಮುಟ್ಟಿ ನೋಡಲಿಲ್ಲ. “ಮೂಟೆ ಹೊರೋರಿಗೆ ಕತ್ತು ನೋಯದೆ ಇನ್ನೇನು ಕಿವಿ ನೋಯುತ್ತಾ?” ಎಂದು ಸೂಜಿ ಚುಚ್ಚಿದ. ಸೂಜಿಯ ನೋವು ಒಂದು ದಿನ, ಕತ್ತಿನ ನೋವು ಉಳಿದ ದಿನ.

ಮೇಸ್ತ್ರಿ ಒತ್ತಿದ ಮೂರನೇ ಬೆಳಗ್ಗೆ ಏಳಲು ಹೋದೆ. ಕಾಲು ಇರಲಿಲ್ಲ. ಕಣ್ಣಿಗೆ ಕಾಣುತ್ತಿತ್ತು, ಆದರೆ ಯಾರದೋ ಕಾಲನ್ನು ತಂದು ನನ್ನ ಹಾಸಿಗೆಯಲ್ಲಿ ಮಲಗಿಸಿದ ಹಾಗಿತ್ತು.

ಅತ್ತೆ ಬಂದು ತೊಡೆ ಚಿವುಟಿದಳು. “ಗೊತ್ತಾಯ್ತೇನೆ?”

“ಏನು?”

ಮತ್ತೆ ಚಿವುಟಿದಳು. ರಕ್ತ ಬರುವ ಹಾಗೆ ಚಿವುಟಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

“ಹಾಳಾದವಳೆ, ಬಿದ್ದ ದಿನವೇ ಯಾಕೆ ಹೇಳ್ಲಿಲ್ಲ? ನಾನೇನು ಸತ್ತಿದ್ನಾ?” ಎಂದು ಬೈದು, ಬೀದಿಗೆ ಹೋಗಿ ತರಕಾರಿ ಮಾರುವವನ ತಳ್ಳುಗಾಡಿಯನ್ನು ಖಾಲಿ ಮಾಡಿಸಿಕೊಂಡು ಬಂದಳು. ಅದರ ಮೇಲೆ ಮಲಗಿ ನಾನು ದೊಡ್ಡಾಸ್ಪತ್ರೆಗೆ ಹೋದೆ. ಕತ್ತಿನ ಎರಡೂ ಕಡೆ ಅತ್ತೆ ಒಂದೊಂದು ಇಟ್ಟಿಗೆಗೆ ಬಟ್ಟೆ ಸುತ್ತಿ ಇಟ್ಟಿದ್ದಳು. ಯಾರು ಹೇಳಿಕೊಟ್ಟರೋ. ಆಸ್ಪತ್ರೆಯವರು ಆಮೇಲೆ ಅಂದರು, ಆ ಇಟ್ಟಿಗೆಗಳಿಂದಲೇ ಕೈ ಉಳಿಯಿತು ಎಂದು.

*

ಸ್ಕ್ಯಾನು ಆಯಿತು. ಮರುದಿನ ದೊಡ್ಡ ಡಾಕ್ಟರು ಹನ್ನೆರಡು ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಬಂದರು. ನನ್ನ ಹೊದಿಕೆಯನ್ನು ಪೆನ್ನಿನ ತುದಿಯಿಂದ ಎತ್ತಿದರು. ಒಳಗೆ ನನ್ನ ಮೈ ಮೇಲೆ ಏನೂ ಇರಲಿಲ್ಲ. ಮೂತ್ರದ ನಳಿಗೆ ಇತ್ತು. ಎಲ್ಲರೂ ನೋಡಿದರು. ಅಂಗಾಲನ್ನು ಕೀಲಿಕೈಯಿಂದ ಗೀಚಿದರು. ಹೆಬ್ಬೆರಳು ತಾನಾಗಿ ಮೇಲೆದ್ದಿತು. ಅದು ಏಳಬಾರದಂತೆ. ಅದನ್ನೂ ಎಲ್ಲರೂ ನೋಡಿದರು.

“ಮೂಳೆ ಕ್ಷಯ,” ಎಂದರು ಡಾಕ್ಟರು, ನನಗಲ್ಲ, ಅವರಿಗೆ. “ಕತ್ತಿನ ಎರಡು ಮೂಳೆ ಕರಗಿದೆ. ಮುಂದೆ ಗಂಟಲಿನ ಹಿಂಭಾಗದಲ್ಲಿ ಕೀವು ಕಟ್ಟಿದೆ, ಹಿಂದೆ ಬೆನ್ನುಹುರಿ ಒತ್ತುತ್ತಿದೆ. ಇಂಥ ಕೇಸು ಎಲ್ಲಿಂದ ಬರುತ್ತೆ? ಹೇಳಿ. ಕೊಳಕು, ಅಜ್ಞಾನ, ಇಷ್ಟೇ.” ಆಮೇಲೆ ನನ್ನ ಕಡೆ ತಿರುಗಿ ಗಟ್ಟಿಯಾಗಿ, ಕಿವುಡರ ಹತ್ತಿರ ಮಾತಾಡುವ ಹಾಗೆ, “ಸ್ನಾನ ಮಾಡ್ತೀಯೇನಮ್ಮ ದಿನಾ?” ಎಂದರು.

ನನಗೆ ಆಡಿಸಲು ಉಳಿದಿದ್ದದ್ದು ನಾಲಿಗೆ ಒಂದೇ.

“ನೀವು ಹಾಕ್ಕೊಂಡಿರೋ ಕೋಟು ಹಳೇದಾದ್ರೆ ನಮ್ ಗೋದಾಮಿಗೇ ಬರುತ್ತೆ ಸಾರ್. ಆವಾಗ ಕಂಕುಳು ಮೂಸಿ ನೋಡಿ, ನೀವು ಮಾಡ್ತೀರೋ ಇಲ್ವೋ ಹೇಳ್ತೀನಿ.”

ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ನಕ್ಕು, ಆ ನಗುವನ್ನು ಸೀನನ್ನಾಗಿ ಮಾಡಿಕೊಂಡಳು. ಡಾಕ್ಟರ ಕಿವಿ ಕೆಂಪಾಯಿತು. “ಬಾಯಿಗೇನೂ ಲಕ್ವ ಹೊಡೆದಿಲ್ಲ,” ಎಂದು ಹೇಳಿ, ಏನೂ ಬರೆದುಕೊಳ್ಳದೆ ಮುಂದಿನ ಹಾಸಿಗೆಗೆ ಹೋದರು.

ಸುಳ್ಳು ಹೇಳಬಾರದು. ಅವರ ಬಾಯಿ ಹೊಲಸು, ಕೈ ಚೆನ್ನಾಗಿತ್ತು. ನಾಲ್ಕು ದಿನದ ಮೇಲೆ ಅವರೇ ಗಂಟಲ ಪಕ್ಕ ಕೊಯ್ದು ಕೀವು ತೆಗೆದರು. ನನ್ನ ಸೊಂಟದ ಮೂಳೆಯ ಚೂರು ತೆಗೆದು ಕರಗಿದ ಮೂಳೆಯ ಜಾಗದಲ್ಲಿಟ್ಟು, ತಗಡಿನ ಪಟ್ಟಿ ಹಾಕಿ ಸ್ಕ್ರೂ ಬಿಗಿದರು. ಎಚ್ಚರವಾದಾಗ ಗಂಟಲಲ್ಲಿ ಗರಗಸ ಆಡುತ್ತಿತ್ತು, ಸೊಂಟದಲ್ಲಿ ಕೆಂಡವಿತ್ತು. ಸೊಂಟದ ನೋವು ನನಗೆ ಗೊತ್ತಾಗುತ್ತಿತ್ತು. ಗೊತ್ತಾಗುತ್ತಿದೆ ಎನ್ನುವುದೇ ನನಗೆ ಸಾಕಾಗಿ ಅತ್ತುಬಿಟ್ಟೆ.

ಅದಾದ ಮೇಲೆ ಚಾವಣಿ ನೋಡುವ ಕೆಲಸ. ಕಟ್ಟುನಿಟ್ಟಾಗಿ ಅಂಗಾತ ಮಲಗಬೇಕು. ಮೈ ತಿರುಗಿಸಬೇಕೆಂದರೆ ಇಬ್ಬರು ಸೇರಿ ಮರದ ದಿಮ್ಮಿ ಉರುಳಿಸಿದ ಹಾಗೆ ಒಟ್ಟಿಗೆ ತಿರುಗಿಸಬೇಕು. ದಾದಿಯರು ಇಬ್ಬರೇ, ಹಾಸಿಗೆ ನಲವತ್ತು. ಅತ್ತೆ ಪಕ್ಕದ ಹಾಸಿಗೆಯವರ ಅಣ್ಣನನ್ನು, ನೆಲ ಒರೆಸುವವಳನ್ನು, ಒಮ್ಮೆ ಯಾರನ್ನೋ ನೋಡಲು ಬಂದಿದ್ದ ಪೊಲೀಸನನ್ನು ಕೂಡ ಹಿಡಿದು ತಂದು ನನ್ನನ್ನು ಉರುಳಿಸಿದಳು. “ನಿಮ್ಮಪ್ಪ ನಿನಗೆ ಮೂಳೆ ಕೊಡುವಾಗ ತೂಕದಲ್ಲಿ ಮೋಸ ಮಾಡಿಲ್ಲ ಕಣೆ,” ಎಂದು ಏದುಸಿರು ಬಿಡುತ್ತಿದ್ದಳು. ಬೆನ್ನಲ್ಲಿ ಒಂದು ಹುಣ್ಣೂ ಆಗಲು ಬಿಡಲಿಲ್ಲ.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹಿಡಿ ತುಂಬ ಮಾತ್ರೆ. ನುಂಗಿದರೆ ವಾಂತಿ, ಮೂತ್ರ ಕಿತ್ತಳೆ ಬಣ್ಣ. ಒಂದು ವರ್ಷಕ್ಕೂ ಮೇಲೆ ನುಂಗಬೇಕು, ನಡುವೆ ಒಂದು ದಿನವೂ ಬಿಡಬಾರದು ಎಂದರು.

*

ಮೂರನೇ ವಾರ ಮೇಸ್ತ್ರಿ ಆಸ್ಪತ್ರೆಗೆ ಬಂದ. ಕೈಯಲ್ಲಿ ಒಂದು ಕಾಗದ, ಮೂಗಿಗೆ ಕರವಸ್ತ್ರ.

“ಹೆಬ್ಬೆಟ್ಟು ಒತ್ತು,” ಎಂದ.

“ಏನು ಬರ್ದಿದೆ?”

“ನಿನಗ್ಯಾಕೆ?”

“ನನಗೆ ಓದೋಕೆ ಬರುತ್ತೆ. ಮುಖದ ಮೇಲೆ ಹಿಡಿ. ಕತ್ತು ತಿರುಗಲ್ಲ.”

ಅವನು ಹಿಡಿದ. ನಾನು ಆ ಗೋದಾಮಿನಲ್ಲಿ ಎಂದೂ ಕೆಲಸ ಮಾಡಿಲ್ಲ, ಅಲ್ಲಿ ನನಗೆ ಯಾವ ಪೆಟ್ಟೂ ಆಗಿಲ್ಲ, ಯಾವ ರೋಗವೂ ತಗುಲಿಲ್ಲ ಎಂದು ಬರೆದಿತ್ತು. ಆರು ವರ್ಷ ಮೂರು ಸಾಲಿನಲ್ಲಿ ಮಾಯವಾಗಿತ್ತು.

ನಾನು ಏನಾದರೂ ಅನ್ನುವ ಮೊದಲು ಅತ್ತೆ ಕಾಗದ ತೆಗೆದುಕೊಂಡಳು. ಕಣ್ಣು ಕಿರಿದು ಮಾಡಿ ಎರಡೂ ಬದಿ ತಿರುಗಿಸಿ ನೋಡಿದಳು. ಅವಳಿಗೆ ಒಂದಕ್ಷರವೂ ಬರುವುದಿಲ್ಲ.

“ದಪ್ಪ ಕಾಗದ,” ಎಂದಳು. ಅದನ್ನು ನಾಲ್ಕು ಮಡಿಕೆ ಮಾಡಿ, ನನ್ನ ಕೆಳಗಿನಿಂದ ಮಲದ ಪಾತ್ರೆ ಎಳೆದು, ಅಂಚಿಗೆ ಮೆತ್ತಿದ್ದನ್ನು ಅದರಿಂದ ಒರೆಸಿ ಮೇಸ್ತ್ರಿಯ ಕೈಗೆ ಕೊಟ್ಟಳು. “ಒತ್ತಾಯ್ತು. ತಗೊಂಡೋಗಿ ನಿನ್ನ ಯಜಮಾನನಿಗೆ ಕೊಡು, ಬೋಳಿಮಗನೆ. ಗುರುತು ಸರಿಯಾಗಿ ಬಿದ್ದಿದೆಯಾ ನೋಡ್ಲಿ.”

ಅವನು ಕಾಗದ ಬಿಸಾಡಿ ಓಡಿದ ರಭಸಕ್ಕೆ ವಾರ್ಡಿನ ಬಾಗಿಲು ಎರಡು ಸಲ ಬಡಿಯಿತು. ನನಗೆ ನಗು ಬಂತು. ನಕ್ಕರೆ ಗಂಟಲ ಹೊಲಿಗೆ ಎಳೆಯುತ್ತದೆ. ತಡೆದುಕೊಳ್ಳಲು ಮೈ ಬಿಗಿ ಮಾಡಿದೆ.

ಅತ್ತೆ ಹೊದಿಕೆ ಸರಿಮಾಡಲು ಬಂದವಳು ಅಲ್ಲೇ ನಿಂತಳು. ನನ್ನ ಪಾದದ ಹತ್ತಿರ ಮುಖ ತಂದಳು.

“ಇನ್ನೊಂದ್ಸಲ ನಗು.”

“ಯಾಕೆ?”

“ಹೆಬ್ಬೆರಳು ಅಲ್ಲಾಡ್ತು ಕಣೆ. ನಗೆ ಹಾಳಾದವಳೆ, ನಗು.”

ಆದರೆ ಅಷ್ಟರಲ್ಲಿ ಇಬ್ಬರೂ ಅಳುತ್ತಿದ್ದೆವು.

*

ಎರಡು ತಿಂಗಳಿಗೆ ಕೂತೆ. ಗದ್ದದಿಂದ ಎದೆಯ ತನಕ ಗಟ್ಟಿ ಪಟ್ಟಿ ಕಟ್ಟಿ ಕೂರಿಸಿದರು. ಮೂರು ತಿಂಗಳಿಗೆ ಗೋಡೆ ಹಿಡಿದು ನಿಂತೆ, ಮನೆಗೆ ಕಳಿಸಿದರು. ಐದಕ್ಕೆ ಅತ್ತೆಯ ಭುಜ ಬಿಟ್ಟು ನಲ್ಲಿಯ ತನಕ ನಡೆದೆ. ಏಳಕ್ಕೆ ಪಟ್ಟಿ ಬಿಚ್ಚಿದರು. ಎಡಗೈಯ ಎರಡು ಬೆರಳು ಇವತ್ತಿಗೂ ಮಂಕಾಗಿವೆ. ಬಟ್ಟೆಯ ಮೇಲೆ ಗುಂಡಿ ಇದೆಯೋ ಇಲ್ಲವೋ ಅವಕ್ಕೆ ತಿಳಿಯುವುದಿಲ್ಲ.

ನಮ್ಮ ಬೀದಿಗೆ ಮಾತ್ರೆ ತರುತ್ತಿದ್ದ ಹೆಂಗಸನ್ನು ನಾವು ಮಾತ್ರೆ ಅಕ್ಕ ಎನ್ನುತ್ತಿದ್ದೆವು. ಹಿಂದೊಮ್ಮೆ ಅವಳಿಗೂ ಇದೇ ರೋಗ ಬಂದಿತ್ತಂತೆ, ಶ್ವಾಸಕೋಶಕ್ಕೆ. ಮನೆಯ ಒಡೆಯ ನಮ್ಮನ್ನು ನಲ್ಲಿ ಮುಟ್ಟಲು ಬಿಡುವುದಿಲ್ಲ ಎಂದಾಗ ಅವಳು ನನ್ನ ಲೋಟದಲ್ಲಿ ಅವನ ಎದುರಿಗೇ ನೀರು ಕುಡಿದು, “ಇವಳ ರೋಗ ಮೂಳೆಯೊಳಗಿರೋದು, ಸ್ವಾಮಿ. ಇವಳನ್ನ ಕಡಿದು ತಿಂದ್ರೂ ನಿಮಗೆ ಬರಲ್ಲ,” ಎಂದಳು.

ಅವಳ ತಲೆನೋವು ಬೇರೆಯಿತ್ತು. “ನಿನ್ನಿಂದ ಯಾರಿಗೂ ಬರಲ್ಲ. ಆದ್ರೆ ನಿನಗೆ ಯಾರಿಂದಲೋ ಬಂದಿದೆ. ಪಕ್ಕದಲ್ಲಿ ಕೂತು ಕೆಮ್ಮಿದವರಿಂದ ಎದೆಗೆ ಬಂದು, ಅಲ್ಲಿಂದ ರಕ್ತದಲ್ಲಿ ಮೂಳೆಗೆ ಹೋಗಿದೆ. ಗೋದಾಮಿನೋರ ಕಫ ನೋಡ್ಬೇಕು ಅಂತ ಮೂರು ಸಲ ಹೋದೆ. ಗೇಟಲ್ಲೇ ನಿಲ್ಲಿಸಿದ್ರು. ಇಲ್ಲಿ ರೋಗದೋರು ಯಾರೂ ಇಲ್ಲ ಅಂದ್ರು. ಮೇಲಿನವರಿಗೆ ಬರ್ದೆ. ಮೇಲಿನವರು ಮೇಲೇ ಇದಾರೆ.”

ನನಗೆ ಯಾರಿಂದ ಎಂದು ಗೊತ್ತಿತ್ತು. ಜಿಪ್ಪಕ್ಕ ಆಸ್ಪತ್ರೆಗೆ ಬಂದಾಗಲೆಲ್ಲ ಬಾಗಿಲ ಆಚೆ ನಿಂತು ಕೆಮ್ಮಿ ಮುಗಿಸಿ ಒಳಗೆ ಬರುತ್ತಿದ್ದಳು. ಒಂದಿಡೀ ವಾರ ನಾನು ಅವಳನ್ನು ಮನಸಾರೆ ದ್ವೇಷಿಸಿದೆ. ಚಾವಣಿ ನೋಡುತ್ತ ಮಲಗಿದವಳಿಗೆ ಬೇರೆ ಕೆಲಸವಿರಲಿಲ್ಲ. ಆಮೇಲೆ ಅದೂ ಬೇಸರವಾಯಿತು. ಅವಳು ಕೆಮ್ಮಿದ್ದು ನನ್ನ ಮೇಲಲ್ಲ, ಹಲಗೆ ಹೊಡೆದ ಕಿಟಕಿಯ ಮೇಲೆ.

ಒಂಬತ್ತನೇ ತಿಂಗಳು ಅವಳು ದಾರಿಯಲ್ಲಿ ಸಿಕ್ಕಳು. ಮೊಳೆಗೆ ನೇತುಹಾಕಿದ ಅಂಗಿಯ ಹಾಗಿದ್ದಳು. ಮಾತಾಡುತ್ತ ಕೆಮ್ಮು ಬಂತು. ಚಿಂದಿಯನ್ನು ಬಾಯಿಗೆ ಹಿಡಿದು ಬೇಗ ಮುಷ್ಟಿಯಲ್ಲಿ ಅಡಗಿಸಿಕೊಂಡಳು. ನಾನು ಮುಷ್ಟಿ ಬಿಡಿಸಿದೆ. ಕೆಂಪಾಗಿತ್ತು.

“ಎಷ್ಟು ದಿನದಿಂದ?”

“ಧೂಳು ಕಣೆ.”

“ಧೂಳಿಗೆ ಈ ಬಣ್ಣ ಇರಲ್ಲ.”

“ಗೊತ್ತಾದ್ರೆ ಗೇಟಿಂದ ಆಚೆ ಹಾಕ್ತಾನೆ,” ಎಂದಳು. “ನಿನಗಾದ್ರೆ ಅತ್ತೆ ಇದಾಳೆ. ನನ್ನನ್ನ ಉರುಳಿಸೋಕೆ ಯಾರಿದಾರೆ?”

*

ಮರುದಿನ ಬೆಳಗ್ಗೆ ಏಳೂವರೆಗೆ ನಾವು ಮೂವರು ಗೋದಾಮಿನ ಗೇಟಿಗೆ ಹೋದೆವು. ನಾನು, ಅತ್ತೆ, ಮಾತ್ರೆ ಅಕ್ಕ. ಅಕ್ಕನ ಚೀಲದಲ್ಲಿ ಮುಚ್ಚಳವಿದ್ದ ಸಣ್ಣ ಡಬ್ಬಿಗಳು. ಮೂಟೆ ತುಂಬಿದ ಲಾರಿಯೊಂದು ಅಂಗಳದಲ್ಲಿ ಇಳಿಸುವವರಿಗಾಗಿ ಕಾದು ನಿಂತಿತ್ತು. ಅದು ಒಳಗೆ ಹೋಗಲು ತೆರೆದ ಗೇಟನ್ನು ಇನ್ನೂ ಮುಚ್ಚಿರಲಿಲ್ಲ. ನಾವು ಒಳಗೆ ನಡೆದೆವು.

ಹೆಂಗಸರೆಲ್ಲ ಅಂಗಳದಲ್ಲೇ ಇದ್ದರು. ನನ್ನನ್ನು ನೋಡಿ ಕೆಲವರು ಬಾಯಿ ಮುಚ್ಚಿಕೊಂಡರು. ನಾನು ಸತ್ತೆನೆಂದು ಮೇಸ್ತ್ರಿ ಹೇಳಿದ್ದನಂತೆ; ಕೆಲಸ ಹೋದೀತೆಂದು ಜಿಪ್ಪಕ್ಕ ಬಾಯಿ ಬಿಟ್ಟಿರಲಿಲ್ಲ.

“ಇದರೊಳಗೆ ಉಗುಳಿ,” ಎಂದೆ. “ಬಾಯಿ ಎಂಜಲಲ್ಲ, ಎದೆಯೊಳಗಿಂದ ಕೆಮ್ಮಿ ಬಂದದ್ದು. ಲಾರಿ ಆಚೆ ಕಡೆ, ಗಾಳಿಯಲ್ಲಿ ನಿಂತು ಉಗುಳಿ. ಎರಡು ದಿನಕ್ಕೆ ಗೊತ್ತಾಗುತ್ತೆ. ಇದ್ರೆ ಮಾತ್ರೆ ಕೊಡ್ತಾರೆ, ವಾಸಿಯಾಗುತ್ತೆ. ಸುಮ್ನಿದ್ರೆ ಏನಾಗುತ್ತೆ ಅಂತ ನನ್ನ ನೋಡಿ.” ಗಂಟಲ ಪಕ್ಕದ ಗಾಯದ ಗೆರೆ ತೋರಿಸಿದೆ.

ಯಾರೂ ಅಲುಗಲಿಲ್ಲ. ಸದ್ದಿಗೆ ಯಜಮಾನರು ಆಚೆ ಬಂದರು. ಹಿಂದೆ ಮೇಸ್ತ್ರಿ.

“ಈ ರೋಗಿಷ್ಟ ಮುಂಡೇನ ಒಳಗೆ ಬಿಟ್ಟವರು ಯಾರು?” ಎಂದರು ಯಜಮಾನರು. ಆಮೇಲೆ ಹೆಂಗಸರಿಗೆ, “ಕೇಳ್ರೇ, ಯಾರು ಆ ಡಬ್ಬಿ ಮುಟ್ತೀರೋ ಅವರು ನಾಳೆಯಿಂದ ಬರಬೇಡಿ.”

ಲಾರಿಯ ಚಾಲಕ ಬೀಡಿ ಆರಿಸಿ ನೋಡತೊಡಗಿದ. ನಾನು ಕೈಯಲ್ಲಿದ್ದ ಡಬ್ಬಿಯನ್ನು ಮುಂದೆ ಚಾಚಿದೆ.

ಜಿಪ್ಪಕ್ಕ ಸಾಲು ಬಿಟ್ಟು ಬಂದಳು. ಡಬ್ಬಿ ತೆಗೆದುಕೊಂಡು ಲಾರಿಯ ಆಚೆ ಹೋದಳು. ಅವಳು ಕೆಮ್ಮುವುದು ಎಲ್ಲರಿಗೂ ಕೇಳಿಸಿತು. ಬಹಳ ಹೊತ್ತು ಕೆಮ್ಮಿದಳು. ಮುಚ್ಚಳ ತಿರುಗಿಸುತ್ತ ವಾಪಸು ಬಂದಳು.

“ಎಲ್ಲಾರೂ ಮುಟ್ಟಿದ್ರೆ ಮೂಟೆ ಯಾರು ಇಳಿಸ್ತಾರೆ?” ಎಂದಳು ಅತ್ತೆ, ಯಾರನ್ನೂ ನೋಡದೆ. “ಈ ಯಜಮಾನರ ಹೊಟ್ಟೆ ನೋಡಿದ್ರೆ ಒಂದು ಮೂಟೆ ಆಗ್ಲೇ ಹೊತ್ತಿರೋ ಹಾಗಿದೆ. ಇನ್ನೊಂದು ಹೊರ್‍ತಾರಾ?”

ಚಾಲಕನಿಗೇ ಮೊದಲು ನಗು ಬಂದದ್ದು. ಆಮೇಲೆ ಹಿಂದಿನ ಸಾಲಿನಿಂದ ಒಂದು ಕೈ ಬಂತು. ಇನ್ನೊಂದು. ಉಣ್ಣೆ ಗುಡ್ಡೆಯವರು ಬಂದರು, ಚಿಂದಿಯವರು ಬಂದರು. ಲಾರಿಯ ಆಚೆ ಒಬ್ಬರ ಹಿಂದೆ ಒಬ್ಬರು ಕೆಮ್ಮಿದರು. ವರ್ಷಗಟ್ಟಲೆ ತಡೆದುಕೊಂಡು, ಅಂಗೈಯಲ್ಲಿ ಅದುಮಿಕೊಂಡು ಕೆಮ್ಮಿದವರು ಅಂದು ಹೊಟ್ಟೆ ಹಿಡಿದು ಕೆಮ್ಮಿದರು.

ಡಬ್ಬಿಗಳ ಮೇಲೆ ಹೆಸರು ಬರೆಯಲು ಮಾತ್ರೆ ಅಕ್ಕನಿಗೆ ಸಮತಟ್ಟಾದ ಜಾಗ ಬೇಕಿತ್ತು. ಇಡೀ ಗೋದಾಮಿನಲ್ಲಿ ಸಮತಟ್ಟಾಗಿ ಇದ್ದದ್ದು ಒಂದೇ. ನಾನು ಡಬ್ಬಿಗಳನ್ನು ತಟ್ಟೆಯಲ್ಲಿ ಇಟ್ಟುಕೊಂಡು ಯಜಮಾನರ ಕೋಣೆಗೆ ಹೋದೆ. ಚಹಾ ಲೋಟವನ್ನು ಪಕ್ಕಕ್ಕೆ ಸರಿಸಿ, ಗಾಜಿನ ಮೇಲೆ ಒಂದೊಂದಾಗಿ ಜೋಡಿಸಿದೆ. ಇಪ್ಪತ್ತಾರು. ಕೆಲವು ಬಿಳಿ, ಕೆಲವು ಹಳದಿ, ಒಂದು ಕೆಂಪು.

ಯಜಮಾನರು ಬಾಗಿಲಲ್ಲೇ ನಿಂತರು. ಒಳಗೆ ಬರಲಿಲ್ಲ.

“ತೆಗೆಯೇ. ತೆಗಿ ಅದನ್ನ.”

“ಮುಚ್ಚಳ ಭದ್ರವಾಗಿದೆ ಸಾರ್,” ಎಂದೆ. “ಹೆಸರು ಬರೆಯೋತನಕ ಇರುತ್ತೆ. ನೀವು ಆಚೆ ನಿಂತಿರಿ.”

ಅವರು ಮೇಸ್ತ್ರಿಯ ಕಡೆ ನೋಡಿದರು. ಅಕ್ಕ ಬರೆಯುತ್ತಿದ್ದಳು, ನಾನು ಹೆಸರು ಹೇಳುತ್ತಿದ್ದೆ. ಮೇಸ್ತ್ರಿ ಯಜಮಾನರನ್ನು ದಾಟಿ ಒಳಗೆ ಬಂದ. ಡಬ್ಬಿಗಳನ್ನು ಎತ್ತಿ ಎಸೆಯುತ್ತಾನೆ ಎಂದು ನಾನು ಮೇಜಿಗೆ ಅಡ್ಡ ನಿಂತೆ. ಅವನು ಹತ್ತಿರ ಬಂದು, ಯಜಮಾನರಿಗೆ ಬೆನ್ನು ಮಾಡಿ, ತುಟಿ ಅಲುಗದ ಹಾಗೆ ಅಂದ:

“ನಂಗೂ ಒಂದು ಕೊಡು. ನಾಲ್ಕು ತಿಂಗಳಿಂದ ಸಂಜೆ ಸಂಜೆ ಜ್ವರ.”

ಅವನ ಕುತ್ತಿಗೆಯ ನರ ಹೊಡೆದುಕೊಳ್ಳುತ್ತಿತ್ತು. ಚೀಲದಲ್ಲಿ ಡಬ್ಬಿಗಳಿದ್ದವು. ಅಂಗಳದಲ್ಲಿ ಇನ್ನೂ ಹತ್ತು ಹನ್ನೆರಡು ಜನ ಕಾಯುತ್ತಿದ್ದರು.

“ಸಾಲಿದೆ,” ಎಂದೆ. “ಹಿಂದೆ ಹೋಗಿ ನಿಂತ್ಕೋ.”